ದೊಡ್ಡಮ್ಮನ ಒಳ್ಳೆಯ ನಂಬರು

ಪಕ್ಕದ ಮೇಜಿನ ಮೇಡಂ ಬಾಟಲಿಯ ಮುಚ್ಚಳ ತೆಗೆದರು. ನೆನೆಸಿದ ಮೆಂತ್ಯದ ವಾಸನೆ ನನ್ನ ಮೇಜಿನವರೆಗೂ ಬಂತು. "ನಾಳೆ ಶುಗರ್ ಟೆಸ್ಟ್ ಇದೆ ಕಣ್ರೀ, ಮೂರು ದಿನದಿಂದ ಬರೀ ಇದೇ," ಅಂದು ಮುಖ ಕಿವುಚಿಕೊಂಡು ಕುಡಿದರು. ಕೀಬೋರ್ಡಿನ ಮೇಲೆ ನನ್ನ ಕೈ ನಿಂತುಹೋಯಿತು. ಆ ವಾಸನೆ ನನಗೆ ಗೊತ್ತು...

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯ ಬಗ್ಗೆ ನಮ್ಮ ದೇಶದವರು ಪ್ರಕಟಿಸಿದ ಸಂಶೋಧನಾ ಲೇಖನಗಳನ್ನು ಹುಡುಕಿ, ಯಾವ ವರ್ಷದ್ದು, ಯಾವ ವಿಷಯದ್ದು ಎಂದು ವಿಂಗಡಿಸಿ ಕಂಪ್ಯೂಟರಿಗೆ ತುಂಬುವುದು. ತುಂಬಿದಂತೆಲ್ಲ ಪರದೆಯ ಮೇಲೆ ಲೇಖನಗಳ ಎಣಿಕೆ ತೋರಿಸುವ ಗೆರೆಯೊಂದು ಬೆಳೆಯುತ್ತದೆ. ವರ್ಷದಿಂದ ವರ್ಷಕ್ಕೆ ಅದು ಮೇಲಕ್ಕೇ ಹೋಗುತ್ತಿದೆ. ದೇವನಹಳ್ಳಿ ಕಡೆಯ ಈ ಕಚೇರಿಯಲ್ಲಿ ಕುರ್ಚಿ ಸಿಕ್ಕಿದ್ದು ಸುಮ್ಮನೆ ಅಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ಡಿಗ್ರಿಯಲ್ಲಿ ಅರ್ಧ ದೊಡ್ಡಮ್ಮನದು. ರಕ್ತಸಂಬಂಧವಲ್ಲ, ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯವಳು. ರೇಷ್ಮೆ ನೂಲನ್ನು ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ಸುತ್ತುವುದು ಅವಳ ಕೆಲಸ. ನಮ್ಮ ಮನೆಯಲ್ಲಿ ಮಗ್ಗದ ಸದ್ದಿಗೆ ಓದಲು ಆಗುತ್ತಿರಲಿಲ್ಲ. ಮಧ್ಯಾಹ್ನವಿಡೀ ಅವಳ ಪಡಸಾಲೆಯಲ್ಲಿ ಕೂರುತ್ತಿದ್ದೆ. "ಜೋರಾಗಿ ಓದೇ. ನಂಗೆ ತಿಳೀದಿದ್ರೂ ಕೈ ಓಡ್ತದೆ," ಅನ್ನುತ್ತಿದ್ದಳು. ನಾನು ಪಾಸಾದ ಸುದ್ದಿಯನ್ನು ಪ್ರತಿ ಸಲವೂ ಬೀದಿಗೆಲ್ಲ ಸಾರಿದ್ದು ಅವಳೇ...

ಎಂ.ಎಸ್ಸಿ.ಯಲ್ಲಿದ್ದಾಗ ನಮ್ಮ ಮೇಷ್ಟರ ಸಂಶೋಧನೆಗಾಗಿ ಬೀದಿ ಬೀದಿ ಸುತ್ತಿ ಶುಗರ್ ನೋಡುವ ಕೆಲಸ ನನಗೆ ಬಂತು. ಮಾತ್ರೆ ನುಂಗುತ್ತಿರುವವರಲ್ಲಿ ಯಾರಿಗೆ ಕಾಯಿಲೆ ಹತೋಟಿಯಲ್ಲಿದೆ ಎಂದು ತಿಳಿಯಬೇಕಿತ್ತು. ಸೋಮವಾರ ಬೆಳಿಗ್ಗೆ ಬರುತ್ತೇನೆ, ಖಾಲಿ ಹೊಟ್ಟೆಯಲ್ಲಿರಿ ಎಂದು ನಮ್ಮ ಬೀದಿಯವರಿಗೆ ವಾರ ಮೊದಲೇ ಹೇಳಿದ್ದೆ. ಅಂದು, ತಾನೂ ಶುಗರ್ ಮಾತ್ರೆ ನುಂಗುತ್ತಿದ್ದ ದೊಡ್ಡಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ನೂಲು ಉಜ್ಜಿ ಉಜ್ಜಿ ಗಟ್ಟಿಯಾದ ಬೆರಳು. ಎರಡು ಸಲ ಚುಚ್ಚಿದರೂ ಹನಿ ಬರಲಿಲ್ಲ.

"ಎಲ್ಲಿಂದ ಬಂದಾತು ರಕ್ತ? ಇದ್ದದ್ದನ್ನೆಲ್ಲ ಮಗ್ಗದ ಸಾವ್ಕಾರ ಹೀರ್ಕಂಡವ್ನೆ!"

ಕೂತಿದ್ದವರೆಲ್ಲ ನಕ್ಕರು. ನಗುವಾಗ ಅವಳ ಬಾಯಿಂದ ಮೆಂತ್ಯದ ವಾಸನೆ ಬಂತು. ನಾನು ಏನೂ ಕೇಳಲಿಲ್ಲ. ಕೇಳಬೇಕೆಂದು ಫಾರಂನಲ್ಲೂ ಇರಲಿಲ್ಲ. ನಂಬರು ಚೆನ್ನಾಗಿಯೇ ಬಂತು. "ಫಸ್ಟ್ ಕ್ಲಾಸ್ ದೊಡ್ಡಮ್ಮ," ಅಂದುಬಿಟ್ಟೆ.

ಲೇಖನ ಅಚ್ಚಾಗಿ ಬಂದಾಗ ಲೇಖಕರ ಸಾಲಿನ ಕೊನೆಗೆ ನನ್ನ ಹೆಸರಿತ್ತು. ಅದನ್ನು ಹಿಡಿದು ಮೊದಲು ಓಡಿದ್ದು ಅವಳ ಮನೆಗೆ. "ಇದ್ರಲ್ಲಿ ನಾನೆಲ್ಲಿವ್ನಿ, ತೋರ್ಸೇ," ಅಂದಳು. ಕಾಯಿಲೆ ಹತೋಟಿಯಲ್ಲಿರುವವರ ಸಾಲಿನ ಮೇಲೆ ಅವಳ ಬೆರಳನ್ನೇ ಹಿಡಿದು ಇಟ್ಟೆ. ಹಾಗೆ ಬಗ್ಗಿದಾಗ ಕಂಡಿತು, ಅವಳ ಪಾದಕ್ಕೆ ಸುತ್ತಿದ್ದ ಬಟ್ಟೆ. ಕೀವಿನ ನಾತ ಮೂಗಿಗೆ ಹೊಡೆಯಿತು.

"ಒಡೆದ ಕಂಡಿಕೆ ತುಳ್ದೆ. ನೋವೇ ಗೊತ್ತಾಗ್ಲಿಲ್ಲ ಕಣೇ."

"ಮಾತ್ರೆ?"

"ಅವತ್ತೇ ಬುಟ್ಟೆ. ನೀನೇ ಫಸ್ಟ್ ಕ್ಲಾಸ್ ಅಂದ್ಯಲ್ಲ."

ರೇಗಿಬಿಟ್ಟೆ. ಅವಳು ಮಗುವಿನಂತೆ ತಲೆ ತಗ್ಗಿಸಿದಳು. "ಟೆಸ್ಟಿಗೆ ಮುಂಚೆ ಮೂರು ದಿವ್ಸ ಮುದ್ದೆ ಮುಟ್ಲಿಲ್ಲ. ಬರೀ ಮೆಂತ್ಯದ್ ನೀರು. ನಿನ್ನ ಮೊದಲ್ನೇ ಕೆಲ್ಸ, ನಮ್ಮಿಂದ ನಿಂಗೆ ಕೆಟ್ಟ ನಂಬರ್ ಬರ್ಬಾರ್ದು ಅಂತ... ಬೀದಿಯೋರ್ಗೂ ನಾನೇ ಹೇಳ್ಕೊಟ್ಟೆ. ಎಲ್ರೂ ಅಂಗೇ ಮಾಡಿದ್ರು."

ನನ್ನ ಸಂಶೋಧನೆಯನ್ನು ಅವಳು ನನ್ನ ಪರೀಕ್ಷೆ ಅಂದುಕೊಂಡಿದ್ದಳು. ಇಡೀ ಬೀದಿ ಉಪವಾಸವಿದ್ದು ನನ್ನನ್ನು ಪಾಸು ಮಾಡಿಸಿತ್ತು.

ಮೇಷ್ಟರ ಹತ್ತಿರ ಹೋಗಿ ಹೇಳಿದೆ. "ಅಚ್ಚಾಗಿ ಹೋಗಿದೆಯಲ್ಲಮ್ಮ," ಅಂದರು. ನಾನೂ ಸುಮ್ಮನಾದೆ. ಅವರ ಮೇಲೆ ತಪ್ಪು ಹೊರಿಸಲಾರೆ. ಈ ಕೆಲಸದ ಅರ್ಜಿಯಲ್ಲಿ ನಾನು ಮೊದಲು ಬರೆದದ್ದು ಅದೇ ಲೇಖನದ ಹೆಸರನ್ನು. ಅಷ್ಟರಲ್ಲಿ ಆಸ್ಪತ್ರೆಯವರು ದೊಡ್ಡಮ್ಮನ ಕಾಲ್ಬೆರಳು ತೆಗೆದಿದ್ದರು. ಆಮೇಲೆ ಮೊಣಕಾಲಿನವರೆಗೆ. ಆಮೇಲೆ... ನನಗೆ ಕೆಲಸ ಸಿಕ್ಕಿದ್ದನ್ನು ಬೀದಿಗೆ ಸಾರಲು ಅವಳು ಉಳಿದಿರಲಿಲ್ಲ.

ಇವತ್ತು ಮೇಡಂಗೆ ಹೇಳಿ ನೋಡಿದೆ. "ಇವತ್ತು ಎಂದಿನ ಹಾಗೆ ಊಟ ಮಾಡಿ, ನಾಳೆ ಟೆಸ್ಟ್ ಮಾಡಿಸ್ರೀ. ಇಲ್ಲಾಂದ್ರೆ ಸುಳ್ಳು ನಂಬರ್ ಬರುತ್ತೆ."

"ಅಯ್ಯೋ, ಜಾಸ್ತಿ ಬಂದ್ರೆ ಡಾಕ್ಟ್ರ ಹತ್ರ ಬೈಸ್ಕೊಳ್ಳೋರು ಯಾರ್ರೀ?" ಅಂದು ಅವರು ಉಳಿದದ್ದನ್ನೂ ಕುಡಿದು ಮುಗಿಸಿದರು.

ಪಟ್ಟಿಯಲ್ಲಿ ಸರದಿ ನಮ್ಮ ಆ ಲೇಖನದ್ದೇ ಆಗಿತ್ತು. ಅದನ್ನು ನಂಬಿ ಬೇರೆಯವರು ಬರೆದ ಲೇಖನಗಳೂ ಅದರ ಕೆಳಗಿದ್ದವು. ವರ್ಷ ತುಂಬಿದೆ. ವಿಷಯ ತುಂಬಿದೆ. ಇದು ಸುಳ್ಳು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಎಂಟರ್ ಒತ್ತಿದೆ. ಪರದೆಯ ಮೇಲೆ ಗೆರೆ ಕೂದಲೆಳೆಯಷ್ಟು ಮೇಲಕ್ಕೆ ಹೋಯಿತು.