ಬಾಣಂತಿಯ ಸ್ವೆಟರು ಮತ್ತು ನಮ್ಮನೆ ಡಾಕ್ಟರಮ್ಮ

ನನ್ನ ಮೊಮ್ಮಗಳು ಸಂಘಮಿತ್ರ ಕುಳಿತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ತಟ್ಟೆ ಹಿಡಿದುಕೊಂಡು ನಡುಮನೆಗೂ ಹಿತ್ತಿಲಿಗೂ ಓಡಾಡುತ್ತಲೇ ಉಣ್ಣುತ್ತಾಳೆ. ಅವಳಿಗೆ ಈ ಹೆಸರಿಟ್ಟವರು ನಮ್ಮ ಯಜಮಾನರು ಸಣ್ಣಮಾದಯ್ಯ. ನನಗೆ ನಮ್ಮವ್ವನ ಹೆಸರಿಡುವ ಆಸೆಯಿತ್ತು. ಬುದ್ಧನ ಮಾತು ಹೇಳಲು ಸಮುದ್ರ ದಾಟಿ ಹೋದ ಹೆಣ್ಣುಮಗಳ ಹೆಸರು ಕಣೇ, ಸುಮ್ಮನಿರು ಅಂದರು. ಸುಮ್ಮನಾದೆ. ಇವಳು ಸಮುದ್ರವೇನೂ ದಾಟಲಿಲ್ಲ, ಆದರೆ ನಮ್ಮ ಹಿನಕಲ್ಲಿನಲ್ಲಿ ಇವಳು ಹೊಕ್ಕದ ಗಲ್ಲಿಯಿಲ್ಲ.

ನಮ್ಮ ಮನೆತನಕ್ಕೆ ಇವಳೇ ಮೊದಲ ಡಾಕ್ಟರು. ಓದು ಮುಗಿದಾಗ ಎಲ್ಲರೂ ಕೇಳಿದ್ದು ಒಂದೇ, ಬೋರ್ಡು ಯಾವಾಗ ಹಾಕುತ್ತಾಳೆ ಅಂತ. ನನ್ನ ಮಗ ಸಿದ್ದು, ಅಂದರೆ ಇವಳಪ್ಪ, ರಸ್ತೆ ಕಡೆಯ ಕೋಣೆ ಖಾಲಿ ಮಾಡಿ ಬಣ್ಣ ಹೊಡೆಸಿಟ್ಟ. ಇವಳು ಬಂದವಳೇ, ಅಪ್ಪಾ, ನಾನು ಸಂಶೋಧನೆ ಕಲಿಯುತ್ತೇನೆ ಅಂದಳು. ಆ ಕೋಣೆಯಲ್ಲಿ ಈಗ ರಾಗಿ ಮೂಟೆ ಇದೆ. ಹಸಿರು ಬಣ್ಣ ಮಾತ್ರ ಚೆನ್ನಾಗಿ ಬಂದಿತ್ತು, ಅದು ಬೇರೆ ಮಾತು.

ನಮ್ಮ ಜನದಂಥ, ಹಿಂದೆ ಯಾರೂ ಡಾಕ್ಟರಾಗದ ಮನೆಗಳಿಂದ ಬಂದ ಎಳೆಯ ಡಾಕ್ಟರುಗಳಿಗೆ ಅಂತಲೇ ಎರಡು ವರ್ಷದ ತರಬೇತಿಯಂತೆ. ಅರ್ಧ ದಿನ ಆಸ್ಪತ್ರೆ, ಅರ್ಧ ದಿನ ಸಂಶೋಧನೆ. ಒಬ್ಬೊಬ್ಬರಿಗೂ ಕೈ ಹಿಡಿದು ಕಲಿಸಲು ಒಬ್ಬ ಹಿರಿಯ ಡಾಕ್ಟರು. ಇವಳಿಗೆ ಸಿಕ್ಕಿದ್ದು ಪ್ರೇಮಮ್ಮ ಮೇಡಂ. ಮಾತು ಕಡಿಮೆ, ನಡಿಗೆ ಜೋರು. ಪ್ರತಿ ಶನಿವಾರ ಅವರ ಮುಂದೆ ಹೋಗಿ ಕೂರಬೇಕು. ಆ ವಾರ ಸರಿಹೋಗಿದ್ದನ್ನು ಹೇಳಬೇಡ, ಕೆಟ್ಟಿದ್ದನ್ನು ಹೇಳು ಅನ್ನುವುದು ಅವರ ಪದ್ಧತಿ. ಇವಳು ಪ್ರತಿ ವಾರವೂ ಏನೂ ಕೆಟ್ಟಿಲ್ಲ ಮೇಡಂ ಅಂತ ಹೇಳಿ ಬರುತ್ತಿದ್ದಳು. ಅದಕ್ಕೆ ಕಾರಣವಿತ್ತು. ಆಸ್ಪತ್ರೆಯಲ್ಲಿ ವಿಶ್ರುತ್ ಅಂತ ಒಬ್ಬ ಹುಡುಗ ಡಾಕ್ಟರು, ಅಪ್ಪನೂ ಡಾಕ್ಟರು, ತಾತನೂ ಡಾಕ್ಟರು. ಕ್ಯಾಂಟೀನಿನಲ್ಲಿ ಹತ್ತು ಜನರ ಮುಂದೆ, ನಿಮಗೇನಮ್ಮ, ಎಡವಿದರೂ ಎತ್ತಿಕೊಳ್ಳುವ ಸ್ಕೀಮು ಅಂತ ನಕ್ಕಿದ್ದ. ಅಂದಿನಿಂದ ಇವಳು ಎಡವಲೇಬಾರದು ಅಂತ ಹಟ ಹಿಡಿದಳು.

ಇವಳು ಹಿಡಿದ ವಿಷಯ ಬಾಣಂತಿಯರದು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ತಾಯಿಗೆ ಆಗಲೇ ಬಿ.ಪಿ. ಏರಬಹುದಂತೆ, ಪ್ರಾಣಕ್ಕೂ ಕುತ್ತಂತೆ. ನಮ್ಮಕ್ಕ ಹಾಗೇ ಹೋದಳೇನೋ ಅಂತ ಈಗ ಅನ್ನಿಸುತ್ತದೆ. ಆಗ ಸನ್ನಿ ಅಂದಿದ್ದರು. ಇವಳು ಮನೆಮನೆಗೆ ಹೋಗಿ ಬಿ.ಪಿ. ನೋಡಿ ಲೆಕ್ಕ ಹಾಕುತ್ತಿದ್ದಳು. ಮೊದಮೊದಲು ನನ್ನನ್ನೂ ಕರೆದುಕೊಂಡು ಹೋದಳು. ಸೊಪ್ಪು ಮಾರಿದವಳು ನಾನು, ಎಲ್ಲ ಮನೆಯ ಹೆಂಗಸರೂ ಗೊತ್ತು.

ಹೀಗೆ ಹತ್ತಿರ ಹತ್ತಿರ ಒಂದು ವರ್ಷವಾಯಿತು. ಶಿವರಾತ್ರಿ ಕಳೆದಿತ್ತು. ಸಿಂಚನ ಅನ್ನುವ ಬಾಣಂತಿಗೆ ಬಿ.ಪಿ. ಜಾಸ್ತಿ ಬಂತು. ಆಸ್ಪತ್ರೆಗೆ ಹೊರಡಿಸಬೇಕು ಅನ್ನುವಷ್ಟರಲ್ಲಿ ಮಗು ಅವಳ ಸ್ವೆಟರಿನ ಮೇಲೆ ಹಾಲು ಕಕ್ಕಿತು. ಸ್ವೆಟರು ಬಿಚ್ಚಿದಳು. ಬರಿತೋಳಿಗೆ ಪಟ್ಟಿ ಸುತ್ತಿ ಇನ್ನೊಮ್ಮೆ ನೋಡಿದರೆ ಸರಿಯಾಗಿಯೇ ಇದೆ. ಇವಳಿಗೆ ದಿಗಿಲಾಯಿತು. ಅತ್ತೆಯರು ಹೊರಗೆ ಹೋಗಿದ್ದ ಇನ್ನೆರಡು ಮನೆಗಳಲ್ಲೂ ಎರಡೂ ಥರ ನೋಡಿದಳು. ಅಲ್ಲೂ ಸ್ವೆಟರಿನ ಮೇಲೆ ಒಂದು, ಬರಿತೋಳಿಗೆ ಇನ್ನೊಂದು. ನಮ್ಮಲ್ಲಿ ಬಿರುಬೇಸಿಗೆಯಲ್ಲೂ ಬಾಣಂತಿ ದಪ್ಪ ಸ್ವೆಟರು ಹಾಕಿ, ಕಿವಿಗೆ ಬಟ್ಟೆ ಕಟ್ಟಿಕೊಂಡಿರಬೇಕಲ್ಲ? ಇವಳು ವರ್ಷವಿಡೀ ಅದರ ಮೇಲೇ ಪಟ್ಟಿ ಸುತ್ತಿದ್ದಳು.

ಆ ದಿನ ತಟ್ಟೆಯನ್ನೂ ಮುಟ್ಟದೆ ಓಡಾಡಿದಳು. ಮುಂದಿನ ಬುಧವಾರ ಹಿರಿಯರ ಸಮಿತಿಯ ಮುಂದೆ ನಿಂತು ವರ್ಷದ ಕೆಲಸ ತೋರಿಸಬೇಕಿತ್ತು. ಅವರು ಒಪ್ಪಿದರೆ ಮಾತ್ರ ಎರಡನೇ ವರ್ಷ. ಹೇಳಿದರೆ ತರಬೇತಿಯೇ ಹೋಗಬಹುದು, ವಿಶ್ರುತನ ಬಾಯಿಗೂ ಸಿಕ್ಕಿದ ಹಾಗೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಶನಿವಾರ ಜ್ವರ ಅಂತ ಫೋನು ಮಾಡಿ ಮನೆಯಲ್ಲೇ ಉಳಿದಳು.

ಸಂಜೆ ಮೇಡಮ್ಮೇ ಸ್ಕೂಟರಿನಲ್ಲಿ ಬಂದರು. ಇವಳ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವಲ್ಲ ಅಂದರು. ನಾನು ಕಾಫಿಗಿಡಲು ಎದ್ದೆ, ಆದರೆ ಕಾಲು ಅಡುಗೆಮನೆ ಬಾಗಿಲಲ್ಲೇ ನಿಂತಿತು. ಇವಳು ಗೋಡೆಗೊರಗಿಕೊಂಡು ಎಲ್ಲವನ್ನೂ ಹೇಳಿಬಿಟ್ಟಳು.

"ಬಿಚ್ಚಿಸಬೇಕು ಅಂತ ನಿಂಗೆ ಗೊತ್ತಿರ್ಲಿಲ್ವಾ?" ಮೇಡಂ ಕೇಳಿದರು.

"ಗೊತ್ತಿತ್ತು ಮೇಡಂ. ಅತ್ತೆ ಪಕ್ಕದಲ್ಲೇ ಕೂತಿರ್ತಾರೆ. ಬಾಣಂತಿ ತೋಳನ್ನ ಗಾಳಿಗೆ ಬಿಡ್ಸಿದ್ರೆ ಮತ್ತೆ ಬಾಗ್ಲೇ ತೆಗಿಯಲ್ಲ. ನಾನು ಅದೇ ಬೀದಿಯವ್ಳು, ಎಂಗೆ ಹೇಳ್ಲಿ? ಇಷ್ಟೊಂದು ವ್ಯತ್ಯಾಸ ಬರಲ್ಲ ಅನ್ಕೊಂಬುಟ್ಟೆ."

"ಹೊರಗಿನ ಡಾಕ್ಟ್ರು ಬಂದಿದ್ರೆ ಬಿಚ್ಚು ಅಂತಿದ್ರು. ಮನೆಯವ್ರು ಬಾಗ್ಲು ಹಾಕ್ಕೊಳ್ತಿದ್ರು. ನೀನು ಒಳಗೆ ಹೋದೆ, ಹೋಗಿ ತಪ್ಪು ಮಾಡ್ದೆ. ಇದನ್ನೇ ಬುಧವಾರ ಮೊದಲು ಹೇಳು."

"ನೀವೇ ಅವ್ರಿಗೆ ಒಂದ್ಮಾತು ಹೇಳಿಟ್ಟಿರಿ ಮೇಡಂ."

"ಹೇಳಲ್ಲ. ನಾನು ಹೇಳಿದ್ರೆ ಅಲ್ಲಿ ನೀನಿರಲ್ಲ, ನಾನಿರ್ತೀನಿ. ಎರಡನೇ ವರ್ಷ ಸಿಗುತ್ತೆ ಅಂತ್ಲೂ ಹೇಳಲ್ಲ ನಾನು."

ಕಾಫಿ ಕುಡಿದು ಹೊರಟೇಹೋದರು. ಇದೆಂಥ ಗುರು, ಒಂದು ಸಮಾಧಾನದ ಮಾತಿಲ್ಲವಲ್ಲ ಅಂತ ನನಗೆ ಕೋಪವೇ ಬಂತು.

ಬುಧವಾರ ಬೇಡವೆಂದರೂ ಆಟೋ ಹತ್ತಿ ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಕೂರಲಾಗದೆ ನಾನೂ ಎದ್ದು ಓಡಾಡಿದೆ. ಒಳಗೆ ಮೊದಲ ಮಾತೇ ಆ ತಪ್ಪು ಹೇಳಿದಳಂತೆ. ಆಮೇಲೆ ಸದಾಶಿವಯ್ಯನವರು ಅಂತ ಒಬ್ಬ ಹಿರಿಯರು ತುಂಬ ಕೇಳಿ ಬೆವರಿಳಿಸಿದರಂತೆ. ಪ್ರೇಮಮ್ಮ ಮೇಡಂ ಅಲ್ಲೇ ಇದ್ದರೂ ಬಾಯಿ ಬಿಡಲಿಲ್ಲವಂತೆ. ಕೊನೆಗೆ ಸಮಿತಿಯವರು, ಹಳೆಯ ಲೆಕ್ಕವೆಲ್ಲ ಬಿಟ್ಟುಬಿಡು, ಆರು ತಿಂಗಳಲ್ಲಿ ಹೊಸದಾಗಿ ಮಾಡಿ ತಾ, ಉಳಿದದ್ದು ಆಮೇಲೆ ನೋಡೋಣ ಅಂದರಂತೆ. ಇವಳು ಹೊರಗೆ ಬಂದಾಗ ಮುಖ ಬಿಳುಚಿತ್ತು. ಒಪ್ಪಿದರಾ ಅಂದೆ. ಒಪ್ಪಲೂ ಇಲ್ಲ, ಓಡಿಸಲೂ ಇಲ್ಲ ಅಜ್ಜಿ ಅಂದಳು.

ಮಾರನೆಯ ಬೆಳಿಗ್ಗೆಯೇ ನನ್ನನ್ನೂ ಕರೆದುಕೊಂಡು ಹೊರಟಳು. ಮೊದಲ ಮನೆಯ ಅತ್ತೆ, ನೀನೂ ನಮ್ಮೂರವಳಾಗಿ ಹೀಗೆ ಕೇಳೋದಾ ಅಂತ ಹಂಗಿಸಿ ಕಳಿಸಿದಳು. ಎರಡನೆಯದು ಬೀರಮ್ಮನ ಮನೆ. ಬಾಯಿ ಜೋರಿನ ಹೆಂಗಸು. ನನಗೇ ಅಳುಕು, ಜಗಲಿಯ ಮೇಲೇ ಕೂತೆ. ಇವಳು ಈ ಸಲ ನೇರವಾಗಿಯೇ ಹೇಳಿದಳು, "ಅತ್ತೆ, ಸೊಸೆ ಸ್ವೆಟ್ರು ಬಿಚ್ಚಬೇಕು. ಅದರ ಮೇಲೆ ಕಟ್ಟಿದ್ರೆ ನಿಜ ಗೊತ್ತಾಗಲ್ಲ."

ಬೀರಮ್ಮ ಇವಳನ್ನು ಮೇಲಿಂದ ಕೆಳಗೆ ನೋಡಿದಳು. "ದೊಡ್ಡ ಸೊಸೆ ಬಾಣಂತನದಲ್ಲೂ ನೀನೇ ಬಂದಿದ್ದೆ ಕಣವ್ವ. ಆಗ್ಲೇ ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?"

ಸಂಘಮಿತ್ರ ಚೀಲದಿಂದ ಬಿ.ಪಿ. ಮಿಷನ್ನು ತೆಗೆದಳು. ಬೀರಮ್ಮ ಎದ್ದು ಕಿಟಕಿ ಹಾಕಿದಳು, ಫ್ಯಾನು ನಿಲ್ಲಿಸಿದಳು, ಬಾಗಿಲು ಮುಂದೆ ಮಾಡಿದಳು. ಒಳಗೆ ಮಿಷನ್ನಿನ ಗುಂಯ್ ಸದ್ದು ಕೇಳಿಸಿತು. ಬಿ.ಪಿ. ಜಾಸ್ತಿಯೇ ಇತ್ತು, ಬರಿತೋಳಿಗೇ. ಆಸ್ಪತ್ರೆಗೆ ಹೊರಡಿಸಲು ಆಟೋ ತಾ ಅಂತ ಇವಳು ನನ್ನನ್ನೇ ಓಡಿಸಿದಳು.