ಗೋಡೆಯಲ್ಲಿ ರಾಗಿ ಪೈರು

ಮುತ್ಯಾಲಮ್ಮನಿಗೆ ನಗು ಬಂದರೆ ಮುಗಿಯಿತು, ಅದು ಅವಳ ಮಾತು ಕೇಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ಸಂಜೀವಪ್ಪ ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿ ಕಚ್ಚಿ, ಮರ್ಯಾದೆಗೆ ಅಂಜಿ ನೀರೂ ಕೇಳದೆ ಕಣ್ಣೀರು ಸುರಿಸುತ್ತ ಕೂತಾಗ ನಕ್ಕಳು. ಧಾರೆ ಎರೆಯುವ ಹೊತ್ತಿಗೆ ಪುರೋಹಿತರಿಗೆ ಸೀನು ಬಂತೆಂದು ನಕ್ಕಳು. ಊರಿನ ಹಿರಿಯರೊಬ್ಬರ ತಿಥಿಯಲ್ಲಿ ಕಾಗೆ ವಡೆ ಬಿಟ್ಟು ಅದೇ ಪುರೋಹಿತರ ಕನ್ನಡಕ ಕಚ್ಚಿಕೊಂಡು ಹಾರಿದಾಗಂತೂ ಅವಳನ್ನು ಇಬ್ಬರು ಹೆಂಗಸರು ಕೊಟ್ಟಿಗೆಗೆ ಎಳೆದೊಯ್ದು ಬಾಯಿಗೆ ಸೆರಗು ತುರುಕಬೇಕಾಯಿತು. ತೂಬಗೆರೆ ಹೋಬಳಿಯ ಆ ಸಣ್ಣ ಊರಿನಲ್ಲಿ ಮುತ್ಯಾಲಮ್ಮ ಎಲ್ಲಿದ್ದಾಳೆಂದು ಯಾರೂ ಕೇಳುತ್ತಿರಲಿಲ್ಲ. ಕಿವಿಗೊಟ್ಟರೆ ಗೊತ್ತಾಗುತ್ತಿತ್ತು.

ಇಂಥ ಹೆಂಗಸು ತೊಂಬತ್ತೊಂದನೇ ಇಸವಿಯ ಯುಗಾದಿಯ ದಿನ ನಗಲಿಲ್ಲ.

ಹೊಸಕೋಟೆಗೆ ಕೊಟ್ಟಿದ್ದ ಮಗಳು ಪ್ರಮೋದಾ ಹಬ್ಬಕ್ಕೆ ಬಂದಿದ್ದಳು, ಚೊಚ್ಚಲ ಬಸುರಿ. ಜೊತೆಗೆ ಅಳಿಯ ಮುರಳಿ, ಮುರಳಿಯ ತಾಯಿ ಅಶ್ವತ್ಥಮ್ಮ. ಅಶ್ವತ್ಥಮ್ಮ ಒಳ್ಳೆಯವರೇ, ಆದರೆ ಅವರ ಮುಖ ಸದಾ ಬಸ್ಸು ತಪ್ಪಿದವರ ಮುಖದ ಹಾಗೆ ಇರುತ್ತಿತ್ತು. ಒಬ್ಬಟ್ಟು ಉಂಡು ಕೈ ತೊಳೆದು ಅವರು ಮನೆಯನ್ನೆಲ್ಲ ಒಂದು ಸುತ್ತು ನೋಡಿದರು. ನೋಡಲು ಹೆಚ್ಚೇನಿರಲಿಲ್ಲ. ಒಂದು ನಡುಮನೆ, ಒಂದು ಅಡುಗೆಮನೆ, ಗೋಡೆಯಾಚೆಗೆ ಎಮ್ಮೆ.

"ಮುತ್ಯಾಲಮ್ನೋರೆ, ತಪ್ಪು ತಿಳ್ಕೋಬೇಡಿ," ಎಂದರು. "ಶ್ರಾವಣಕ್ಕೆ ಹೆರಿಗೆ, ಮಳೆಗಾಲ. ಬಾಣಂತಿ ಮಗು ಮಲಗೋಕೆ ಒಂದು ರೂಮಿಲ್ಲ ನಿಮ್ಮಲ್ಲಿ. ಈ ಸಲ ಬಾಣಂತನ ನಮ್ಮ ಮನೇಲೇ ಆಗೋಗ್ಲಿ."

"ರೂಮು ಕಟ್ಟಿಸ್ತಾ ಇದೀವಲ್ಲ," ಎಂದುಬಿಟ್ಟಳು ಮುತ್ಯಾಲಮ್ಮ.

ಸಂಜೀವಪ್ಪನ ಕೈಯಲ್ಲಿದ್ದ ಒಬ್ಬಟ್ಟು ಬಾಯಿಗೆ ಹೋಗದೆ ಅಲ್ಲೇ ನಿಂತಿತು. ರೂಮು ಕಟ್ಟಿಸುವ ವಿಷಯ ಅವನಿಗೂ ಆಗಲೇ ಗೊತ್ತಾದದ್ದು.

"ಕಟ್ಟಿಸಿ, ಬಂದು ನೋಡ್ತೀನಿ," ಎಂದರು ಅಶ್ವತ್ಥಮ್ಮ. "ಆಮೇಲೆ ಹೇಳ್ತೀನಿ ಕಳಿಸೋ ಮಾತು."

ಬೀಗಿತ್ತಿಯ ಎದುರು ಮುತ್ಯಾಲಮ್ಮನಿಗೆ ಅಷ್ಟು ಆವೇಶ ಬಂದದ್ದು ಸುಮ್ಮನೆ ಅಲ್ಲ. ಅವಳ ತಾಯಿ ತೀರಿಕೊಂಡಾಗ ಅವಳಿನ್ನೂ ಲಂಗ ತೊಟ್ಟ ಹುಡುಗಿ. ಪ್ರಮೋದಾ ಹುಟ್ಟಿದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ಬಾಣಂತಿ ತಾನೇ ಒಲೆ ಉರಿಸಿ, ತಾನೇ ನೀರು ತೋಡಿ, ತಾನೇ ಸುರಿದುಕೊಂಡಳು. ಬೆನ್ನಿಗೆ ಮಾತ್ರ ಕೈ ಎಟುಕುತ್ತಿರಲಿಲ್ಲ. ಎಟುಕಿಸಲು ಹೋಗಿ ಚೊಂಬು ಕೈಜಾರಿ ಎಮ್ಮೆಯ ಮೇಲೆ ಬಿದ್ದು, ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದ ಕಥೆಯನ್ನು ಅವಳು ನಗುನಗುತ್ತಲೇ ಹೇಳುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ಮಗಳ ಬೆನ್ನಿಗೆ ತನ್ನ ಕೈಯಾರೆ ಬಿಸಿನೀರು ಹಾಕಬೇಕೆಂಬ ಆಸೆ ಅಂದಿನಿಂದಲೂ ಅವಳ ಹೊಟ್ಟೆಯೊಳಗಿತ್ತು, ಅದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ರೂಮು ಅಂದಮೇಲೆ ಗಾರೆ ಕೆಲಸದ ಅಪ್ಪಯ್ಯಣ್ಣ ಬಂದ. ಹೊಗೆಸೊಪ್ಪು ಹಾಕಿಕೊಂಡು ನೆಲ ನೋಡಿದ, ಆಕಾಶ ನೋಡಿದ. "ಸುಟ್ಟ ಇಟ್ಟಿಗೆ, ಮೇಲೆ ಆರ್‌ಸಿಸಿ. ಇನ್ನೇನು ಯೋಚ್ನೆ," ಎಂದ.

ಆರ್‌ಸಿಸಿ ಎಂದ ಕೂಡಲೇ ಮುತ್ಯಾಲಮ್ಮನಿಗೆ ಹೊಸಕೋಟೆ ನೆನಪಾಯಿತು. ಬೀಗರದು ಆರ್‌ಸಿಸಿ ಮನೆ. ಮಗಳ ಮದುವೆಯಾದ ಬೇಸಿಗೆಯಲ್ಲಿ ಅಲ್ಲಿ ಉಳಿದಾಗ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗಾಗಿತ್ತು. ನೆಂಟರೆಲ್ಲ ಒಬ್ಬೊಬ್ಬರಾಗಿ ದಿಂಬು ಹಿಡಿದು ತಾರಸಿ ಹತ್ತಿದ್ದರು. ಎಲ್ಲರಿಗಿಂತ ಕೊನೆಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಸದ್ದಿಲ್ಲದೆ ದಿಂಬು ಹಿಡಿದು ಬಂದವರು ಅಶ್ವತ್ಥಮ್ಮ.

"ನನ್ನ ಮೊಮ್ಮಗೂನ ಬೇಯಿಸೋಕೆ ನಾನು ಒಪ್ಪಲ್ಲ," ಎಂದಳು ಮುತ್ಯಾಲಮ್ಮ. "ಸುಟ್ಟ ಇಟ್ಟಿಗೇನೂ ಬೇಡ. ಊರಾಚೆ ಇಟ್ಟಿಗೆ ಗೂಡಿಗೆ ಸೌದೆ ಅಂತ ಹೊಂಗೆ ತೋಪೆಲ್ಲ ಹೋಯ್ತು. ಬಸ್ಸು ಕಾಯೋಕೆ ಒಂದು ನೆರಳಿಲ್ಲ."

"ಮತ್ತೆ ಯಾತರಲ್ಲಿ ಕಟ್ಟಾನ, ರಾಗಿಮುದ್ದೇಲಾ?"

ಅದಕ್ಕೆ ಉತ್ತರ ತಂದವನು ಸಂಜೀವಪ್ಪ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ತಗಡಿನ ಸೂರಿನ ಕೆಳಗೆ ಶಿಫ್ಟು ಮಾಡುವ ಮನುಷ್ಯ ಅವನು, ಸೆಕೆ ಎಂದರೆ ಏನೆಂದು ಬಲ್ಲವನು. ಒಂದು ಸಂಜೆ ದೊಡ್ಡಬಳ್ಳಾಪುರದಿಂದ ಸೈಕಲ್ಲು ತುಳಿದುಕೊಂಡು ಬಂದವನು ಸ್ಟ್ಯಾಂಡು ಹಾಕುವುದಕ್ಕೂ ನಿಲ್ಲದೆ ಶುರುಮಾಡಿದ. "ಸುಡೋದೇ ಬೇಡ ಕಣೇ. ಮಣ್ಣು, ಅದಕ್ಕೊಂದಿಷ್ಟು ಸಿಮೆಂಟು, ಮಿಷನ್ನಿಗೆ ಹಾಕಿ ಒತ್ತೋದು, ಇಟ್ಟಿಗೆ ಆಚೆ ಬರುತ್ತೆ. ಮೈದಾನದಲ್ಲಿ ಇಂಜಿನಿಯರ್‌ಗಳು ಬಂದು ಮಾಡಿ ತೋರಿಸಿದ್ರು. ನಮ್ಮ ಹಿತ್ತಲ ಮಣ್ಣೇ ಆಗುತ್ತಂತೆ. ಮಿಷನ್ನು ಬಾಡಿಗೆಗೆ ಕೊಡ್ತಾರಂತೆ."

ಅವನ ಹಿಂದೆ ಸೈಕಲ್ಲು ದಬಾರನೆ ಬಿತ್ತು. ಮುತ್ಯಾಲಮ್ಮನಿಗೆ ಹೋದ ನಗು ವಾಪಸು ಬಂತು.

ಮಿಷನ್ನು ಎತ್ತಿನ ಗಾಡಿಯಲ್ಲಿ ಬಂತು. ಜೊತೆಗೆ ಕನ್ನಡಕದ ಇಂಜಿನಿಯರ್ ಹುಡುಗನೊಬ್ಬ ಬಂದು, ಹಿತ್ತಲ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ ನೀರು ಬೆರೆಸಿ ಕುಲುಕಿಟ್ಟ. ತಳದಲ್ಲಿ ಮರಳು ಕೂತದ್ದು, ಮೇಲೆ ಜೇಡಿ ಕೂತದ್ದು ನೋಡಿ ಚೆನ್ನಾಗಿದೆ ಎಂದ. ಒಂದೇ ಒಂದು ಎಚ್ಚರಿಕೆ ಹೇಳಿದ. "ಮೇಲಿನ ಒಂದಡಿ ಮಣ್ಣು ಕೆರೆದು ಆಚೆ ಹಾಕ್ಬಿಡಿ. ಅದ್ರಲ್ಲಿ ಬೇರು, ಗೊಬ್ಬರ, ಕಾಳು ಎಲ್ಲಾ ಇರುತ್ತೆ. ಕೆಳಗಿನ ಕೆಂಪು ಮಣ್ಣು ಮಾತ್ರ ತಗೊಳ್ಳಿ."

ಮಿಷನ್ನಿಗೆ ಆಳುದ್ದದ ಕಬ್ಬಿಣದ ಹಿಡಿ. ಮಣ್ಣು ತುಂಬಿ, ಮುಚ್ಚಳ ಹಾಕಿ, ಆ ಹಿಡಿಯನ್ನು ನೆಲದ ತನಕ ಎಳೆಯಬೇಕು. ಸಂಜೀವಪ್ಪ ಕಡ್ಡಿ ಆಸಾಮಿ. ಹಾರಿ ಹಿಡಿಗೆ ಜೋತುಬಿದ್ದ. ಹಿಡಿ ಅಲ್ಲಾಡಲಿಲ್ಲ. ಅವನು ಗಾಳಿಯಲ್ಲಿ ಕಾಲು ಬಡಿಯುತ್ತ ತೊಟ್ಟಿಲ ಮಗುವಿನ ಹಾಗೆ ತೂಗಾಡಿದ. ಪಕ್ಕದ ಮನೆಯ ಪಾಪಕ್ಕ ಬೇಲಿಯಾಚೆಯಿಂದ, "ಹಂಗೇ ಇರಿ ಭಾವ, ದೃಷ್ಟಿ ತೆಗೀತೀನಿ," ಎಂದಳು.

ಮುತ್ಯಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಅವಳು ಮೈಕೈ ತುಂಬಿಕೊಂಡ ಹೆಂಗಸು. ಗಂಡನ ಪಕ್ಕದಲ್ಲಿ ಹಿಡಿಗೆ ತಾನೂ ಜೋತುಬಿದ್ದದ್ದೇ ತಡ, ಗಂಡ ಹೆಂಡತಿ ಇಬ್ಬರೂ ಧೊಪ್ಪೆಂದು ನೆಲಕ್ಕೆ ಬಂದರು. ಮುಚ್ಚಳ ತೆಗೆದರೆ ಅಂಚು ಮುಕ್ಕಾಗದ ಕೆಂಪನೆಯ ಇಟ್ಟಿಗೆ. ಅಪ್ಪಯ್ಯಣ್ಣ ಅದನ್ನು ಉಗುರಿನಿಂದ ಗೀರಿ ನೋಡಿ, ಏನೂ ಹೇಳದೆ ಹೊಗೆಸೊಪ್ಪು ಉಗಿದ. ಅವನ ಕಡೆಯಿಂದ ಅದು ದೊಡ್ಡ ಹೊಗಳಿಕೆ.

ಆಮೇಲೆ ಹಿತ್ತಲು ಜಾತ್ರೆಯಾಯಿತು. ಪಾಪಕ್ಕ ಮಣ್ಣು ಜರಡಿ ಹಿಡಿದಳು, ಬಂದು ಹೋಗುವವರೆಲ್ಲ ಒಂದೊಂದು ಸಲ ಹಿಡಿಗೆ ಜೋತುಬಿದ್ದು ನೋಡಿದರು, ಯಾರ ತೂಕ ಎಷ್ಟೆಂದು ಊರಿಗೆಲ್ಲ ಗೊತ್ತಾಗಿಹೋಯಿತು. ಕಲ್ಲಿನ ತಳಪಾಯ ಬಿತ್ತು. ಸೂರಿಗೆ ಕೆಡವಿದ ಹಳೇ ಮನೆಯೊಂದರ ತೊಲೆ, ಮಂಗಳೂರು ಹೆಂಚು ಸಿಕ್ಕವು. ನಗುತ್ತ ನಗುತ್ತ ಮುತ್ಯಾಲಮ್ಮನ ಪಕ್ಕೆ ಹಿಡಿದುಕೊಳ್ಳುತ್ತಿತ್ತು.

ತಾಪತ್ರಯ ಬಂದದ್ದು ಆ ಮೇಲಿನ ಒಂದಡಿ ಮಣ್ಣಿನಿಂದ.

ಹಿತ್ತಲು ಅಂದರೆ ಅವರ ಮನೆಯ ಹಳೇ ಕಣ. ಊರಿನವರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸಿ ಬಸ್ಸು ಲಾರಿಗಳ ಕೈಲಿ ತುಳಿಸುವುದು ಕಲಿತಿದ್ದರೂ ಮುತ್ಯಾಲಮ್ಮ ರಾಗಿ ತೂರುವುದು, ಒಣಗಿಸುವುದು, ರಾಶಿಗೆ ಪೂಜೆ ಮಾಡುವುದು ಈಗಲೂ ಅಲ್ಲೇ. ಆ ಮಣ್ಣನ್ನು ಗಂಡ ಬುಟ್ಟಿಗೆ ತುಂಬಿ ತಿಪ್ಪೆಯ ಕಡೆ ಹೊರಟದ್ದು ನೋಡಿ ಅವಳು ಅಡ್ಡ ನಿಂತಳು.

"ಕಣದ ಮಣ್ಣು ಕಣ್ರೀ ಅದು. ಒಂದು ದಿನ ಚಪ್ಪಲಿ ಹಾಕ್ಕೊಂಡು ತುಳಿದಿಲ್ಲ ನಾವು. ತಿಪ್ಪೆಗೆ ಹಾಕ್ತೀರಾ?"

"ಇಂಜಿನಿಯರ್ ಹೇಳಿದ್ದು ಕೇಳಲಿಲ್ವೇನೇ?"

"ಅವರ ಮನೇಲಿ ಕಣ ಇಲ್ಲ, ಅದಕ್ಕೇ ಹೇಳಿದ್ರು."

ಸಂಜೀವಪ್ಪ ಬುಟ್ಟಿ ಇಳಿಸಿ ಶಿಫ್ಟಿಗೆ ಹೋದ. ಅವನು ರಸ್ತೆ ತಿರುವು ದಾಟಿದ ಮೇಲೆ ಮುತ್ಯಾಲಮ್ಮ, ಪಾಪಕ್ಕ ಇಬ್ಬರೂ ಸೇರಿ ಕಣದ ಮಣ್ಣನ್ನೆಲ್ಲ ಮಿಷನ್ನಿಗೆ ಹಾಕಿ ಒತ್ತಿದರು. ಆ ಇಟ್ಟಿಗೆಗಳೇ ಪೂರ್ವದ ಗೋಡೆಗೆ ಹೋಗಬೇಕೆಂದು ಮುತ್ಯಾಲಮ್ಮ ಅಪ್ಪಯ್ಯಣ್ಣನಿಗೆ ಹೇಳಿದಳು. ಮಗಳ ತಲೆದೆಸೆಗೆ ಕಣದ ಲಕ್ಷ್ಮಿ ಇರಲಿ ಎಂಬುದು ಅವಳ ಲೆಕ್ಕಾಚಾರ.

ಗೋಡೆ ಎದ್ದಿತು, ಹೆಂಚು ಕೂತಿತು. ಗಟ್ಟಿಯಾಗಲು ಗೋಡೆಗೆ ನೀರುಣಿಸಬೇಕಲ್ಲ, ಆ ಕೆಲಸ ಮುತ್ಯಾಲಮ್ಮನದು. ಅವಳು ಎಮ್ಮೆ ಮೈತೊಳೆಯುವ ಉತ್ಸಾಹದಲ್ಲಿ ಬೆಳಿಗ್ಗೆ ಸಂಜೆ ಬಿಂದಿಗೆ ಬಿಂದಿಗೆ ಎರಚಿದಳು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪೂರ್ವದ ಗೋಡೆ ಹಸಿರಾಗಿತ್ತು. ಒಳಗೂ ಹೊರಗೂ, ಮೇಲಿಂದ ಕೆಳತನಕ, ಸೂಜಿಯಷ್ಟು ಸಣ್ಣ ರಾಗಿ ಮೊಳಕೆ.

ಅಪ್ಪಯ್ಯಣ್ಣ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಪ್ಪಾ ಸಂಜೀವಪ್ಪ, ಗೋಡೆ ಕಟಾವು ಯಾವಾಗ? ಕುಡುಗೋಲು ತರ್ಬೇಕೋ, ಏಣಿ ತರ್ಬೇಕೋ?"

ಸಂಜೀವಪ್ಪ ಹೆಂಡತಿಯನ್ನು ನೋಡಿದ. ಹೆಂಡತಿ ಹೆಂಚು ನೋಡಿದಳು. ಅಷ್ಟರಲ್ಲಿ ಪಾಪಕ್ಕ ಬಸ್ ಸ್ಟಾಪಿನ ಕಡೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

"ಮುತ್ಯಾಲಕ್ಕ, ನಿಮ್ಮ ಬೀಗಿತ್ತಿ ಬಸ್ಸಿಳಿದ್ರು."

ಅಯ್ಯೋ ಶಿವನೇ ಎಂದಳು ಮುತ್ಯಾಲಮ್ಮ. ಈ ಗೋಡೆ ನೋಡಿದರೆ ಅವರು ಮಗಳನ್ನು ಕಳಿಸಿದ ಹಾಗೆಯೇ! ಅಪ್ಪಯ್ಯಣ್ಣನನ್ನು ಬಿಟ್ಟು ಮೂವರೂ ಗೋಡೆಗೆ ಬಿದ್ದು ಕೀಳತೊಡಗಿದರು. ಸಂಜೀವಪ್ಪ ಸ್ಟೂಲು ಹತ್ತಿ ಮೇಲಿನದು, ಪಾಪಕ್ಕ ಕುಕ್ಕರಗಾಲಲ್ಲಿ ಕೆಳಗಿನದು, ಮುತ್ಯಾಲಮ್ಮ ಎರಡು ಕೈಯಲ್ಲೂ ನಡುವಿನದು. ಕಿತ್ತದ್ದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಸಂಜೀವಪ್ಪ ಅಂಗಿಯ ಜೇಬಿಗೆ ತುಂಬಿಕೊಂಡ. ಅದನ್ನು ನೋಡಿದ್ದೇ ಮುತ್ಯಾಲಮ್ಮನಿಗೆ ಒಳಗಿನಿಂದ ಗುಳುಗುಳು ಎಂದಿತು. ಬೇಡ ಬೇಡ ಎಂದು ತುಟಿ ಕಚ್ಚಿದಳು.

"ಏನು, ಗೋಡೇಲಿ ಕಳೆ ಕೀಳ್ತಿದೀರಾ?"

ಬಾಗಿಲಲ್ಲಿ ಅಶ್ವತ್ಥಮ್ಮ, ಕಂಕುಳಲ್ಲಿ ಕೊಡೆ. ಸಂಜೀವಪ್ಪ ಸ್ಟೂಲಿನ ಮೇಲಿಂದಲೇ ಕೈಮುಗಿದ. ಜೇಬಿನ ತುಂಬ ಪೈರು.

ಮುತ್ಯಾಲಮ್ಮನ ನಗು ಕಟ್ಟೆಯೊಡೆಯಿತು. ಗೋಡೆಗೆ ಆತುಕೊಂಡು, ಜಾರಿ ನೆಲದಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುತ್ತಿರುವಾಗಲೇ ಅವಳಿಗೆ ಗೊತ್ತಿತ್ತು, ಈ ನಗುವಿಗೆ ಮಗಳ ಬಾಣಂತನ ಕೈಬಿಟ್ಟುಹೋಗುತ್ತಿದೆ ಎಂದು. ಗೊತ್ತಿದ್ದೂ ನಿಲ್ಲಲಿಲ್ಲ. "ಕಣದ ಮಣ್ಣು ಅಕ್ಕ," ಎಂದಳು ಉಸಿರುಕಟ್ಟಿ. "ಎಸೆಯೋಕೆ ಮನಸ್ಸು ಬರಲಿಲ್ಲ. ಗೋಡೆಗೆ ಹಾಕ್ಬಿಟ್ಟೆ."

ಅಶ್ವತ್ಥಮ್ಮ ಗೋಡೆಯ ಹತ್ತಿರ ಬಂದರು. ಒಂದು ಮೊಳಕೆ ಕಿತ್ತು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಕೆನ್ನೆ ಒಂದು ಸಲ ಅದುರಿತು.

"ಮಗೂಗೆ ಸರಿಹಿಟ್ಟು ಮಾಡೋಕೆ ರಾಗಿ ಮೊಳಕೆ ಕಟ್ಟೋದು ಗೊತ್ತು," ಎಂದರು. "ಮಗು ಹುಟ್ಟೋಕೆ ಮುಂಚೆ ಗೋಡೇಲಿ ಕಟ್ಟೋರನ್ನ ಇವತ್ತೇ ನೋಡಿದ್ದು."

ಅಷ್ಟು ಹೇಳಿ ಅವರು ಕುಡಿಯಲು ನೀರು ಕೇಳಿದರು. ಹೊರಗೆ ಮೇ ತಿಂಗಳ ಬಿಸಿಲು. ಬಸ್ಸಿನಲ್ಲಿ ಬೆಂದು ಬಂದಿದ್ದರು. ಉತ್ತರದ ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂತುಕೊಳ್ಳುತ್ತೇನೆ ಎಂದರು. ಮುತ್ಯಾಲಮ್ಮ ಮಜ್ಜಿಗೆ ತರುವಷ್ಟರಲ್ಲಿ ಅವರ ಕತ್ತು ವಾಲಿತ್ತು, ಗೊರಕೆ ಶುರುವಾಗಿತ್ತು.

ಎಬ್ಬಿಸುವ ಧೈರ್ಯ ಯಾರಿಗಿತ್ತು? ಮುತ್ಯಾಲಮ್ಮ ಸದ್ದಿಲ್ಲದೆ ಒಂದು ದಿಂಬು ತಂದು ತಲೆಯ ಕೆಳಗೆ ಸೇರಿಸಿದಳು. ಊಟದ ಹೊತ್ತು ಮೀರಿತು, ಎಮ್ಮೆ ಮೇದು ಬಂತು, ಸಂಜೀವಪ್ಪ ಜೇಬಿನ ಪೈರನ್ನು ಎಮ್ಮೆಗೇ ತಿನ್ನಿಸಿದ. ಬಿಸಿಲು ಇಳಿದ ಮೇಲೆ ಅಶ್ವತ್ಥಮ್ಮ ಕಣ್ಣುಬಿಟ್ಟರು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಗೆ ಅಂಗೈ ಇಟ್ಟು ನೋಡಿದರು.

"ತಣ್ಣಗೈತೆ," ಎಂದರು. ಮತ್ತೆ ಗಂಟಲು ಸರಿಮಾಡಿಕೊಂಡು, "ಇನ್ನು ನೀರು ಹಾಕ್ಬೇಡಿ, ಒಣಗಲಿ. ಮೇಲೆ ಸುಣ್ಣ ಬಳೀರಿ. ಪ್ರಮೋದಾನ ಏಳನೇ ತಿಂಗಳಿಗೆ ಕಳಿಸ್ತೀನಿ. ನಾನೂ ಬರ್ತೀನಿ ಒಂದಷ್ಟು ದಿನ."

ಆ ಕೊನೆಯ ಮಾತು ಕೇಳಿ ಸಂಜೀವಪ್ಪನ ಮುಖ ನೋಡುವ ಹಾಗಿತ್ತು. ಮುತ್ಯಾಲಮ್ಮ ಅಡುಗೆಮನೆಗೆ ಓಡಿಹೋಗಿ ನಕ್ಕಳು.

ಶ್ರಾವಣದಲ್ಲಿ ಪ್ರಮೋದಾಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮಳೆ ಹಿಡಿಯಿತು, ರೂಮು ಬೆಚ್ಚಗಿತ್ತು. ಮುತ್ಯಾಲಮ್ಮ ಮಗಳಿಗೆ ಹರಳೆಣ್ಣೆ ಹಚ್ಚಿ, ಹಂಡೆ ಕುದಿಸಿ, ಬೆನ್ನಿಗೆ ಎತ್ತರದಿಂದ ನೀರು ಹೊಯ್ದಳು. ಹೊಯ್ದಷ್ಟೂ ಅವಳಿಗೆ ಸಾಲದು. "ಸಾಕಮ್ಮ, ಬೆಂದೋಗ್ತೀನಿ," ಎಂದು ಮಗಳೇ ಎದ್ದು ಓಡಬೇಕಾಗುತ್ತಿತ್ತು. ಬಾಗಿಲಲ್ಲಿ ಅಶ್ವತ್ಥಮ್ಮ ಕಾವಲು ಕೂತು ನೀರು ಹೀಗೆ ಹಾಕಿ, ಹಾಗೆ ಹಾಕಿ ಎಂದು ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಮಗಳನ್ನು ಕಂಬಳಿ ಹೊದಿಸಿ ಮಲಗಿಸಿ, ಮುತ್ಯಾಲಮ್ಮ ಒಲೆ ಆರಿಸಲು ಬಚ್ಚಲಿಗೆ ಬಂದರೆ ಅಲ್ಲಿ ಬೀಗಿತ್ತಿ ಸೀರೆ ಎತ್ತಿಕಟ್ಟಿ ನಿಂತಿದ್ದರು, ಕೈಯಲ್ಲಿ ಚೊಂಬು.

"ಹಂಡೇಲಿ ಇನ್ನೂ ನೀರೈತೆ. ಕೂತ್ಕೊಳ್ಳಿ," ಎಂದರು.

"ಯಾರು, ನಾನಾ?"

"ಪ್ರಮೋದಾ ಹೇಳಿದ್ಲು. ನಿಮ್ಮ ಬಾಣಂತನಕ್ಕೆ ಯಾರೂ ಇರಲಿಲ್ವಂತೆ. ಎಮ್ಮೆ ಕಥೆ ಕೇಳಿ ಎಲ್ಲರೂ ನಕ್ಕರು, ನಂಗೆ ನಗು ಬರಲಿಲ್ಲ."

"ಅಯ್ಯೋ ಬಿಡಿ ಅಕ್ಕ, ಯಾವ ಕಾಲದ ಮಾತು."

"ಕಾಲ ಹೋದ್ರೆ ಹೋಯ್ತು, ಬೆನ್ನು ಇಲ್ಲೇ ಐತಲ್ಲ. ಕೂತ್ಕೊಳ್ಳಿ ಅಂದೆ."

ಮುತ್ಯಾಲಮ್ಮ ಮಣೆಯ ಮೇಲೆ ಕೂತಳು. ಬಿಸಿನೀರು ಬೆನ್ನಿನ ನಟ್ಟನಡುವೆ, ಅವಳ ಕೈಗೆ ಎಂದೂ ಎಟುಕದ ಜಾಗದಲ್ಲಿ ಬಿತ್ತು. ಎಂದಿನಂತೆ ಅವಳಿಗೆ ನಗು ಬಂತು. ನಗುತ್ತಿದ್ದವಳಿಗೆ ಅಮ್ಮನ ನೆನಪಾಗಿ ಅಳುವೂ ಬಂತು, ಚಿಕ್ಕ ಹುಡುಗಿಯ ಹಾಗೆ ಬಾಯಿಬಿಟ್ಟು ಅತ್ತಳು. ಅಶ್ವತ್ಥಮ್ಮ ಸೀಗೆಕಾಯಿ ಪುಡಿ ಕೈಗೆ ತೆಗೆದುಕೊಂಡು ಅವಳ ತಲೆಯನ್ನು ಮುಂದಕ್ಕೆ ಬಗ್ಗಿಸಿದರು.

"ಅಳೋದಾದ್ರೆ ಅಳಿ, ನಗೋದಾದ್ರೆ ನಗಿ," ಎಂದರು. "ಕಣ್ಣು ಮಾತ್ರ ಮುಚ್ಕೊಳ್ಳಿ, ಉರಿಯುತ್ತೆ."