ಕೆಟ್ಟಿದ್ದಲ್ಲ, ಕೆಡಿಸಿದ್ದು

ನಮಗೆ ಶಾಲೆಯಲ್ಲಿ ಕನ್ನಡ ಕಲಿಸಿದ ಶಿಕ್ಷಕಿ, ನಮ್ಮೆಲ್ಲರ ಬಾಯಾರು, ನಿವೃತ್ತರಾದ ಮೇಲೂ ರಾಯಬಾಗ ತಾಲೂಕಿನ ನಮ್ಮೂರಿನಲ್ಲೇ ಉಳಿದರು. ಅವರ ಮನೆಮಾತು ಉರ್ದು. ಕನ್ನಡಕವನ್ನು ಸೆರಗಿನಿಂದ ಒರೆಸುತ್ತ, "ಮಾಡಿದವರು ಯಾರು, ಅದನ್ನ ಹೇಳ" ಎನ್ನುವುದು ಅವರ ರೂಢಿ. ಸ್ಲೇಟು ಒಡೆದವರು 'ಪಾಟಿ ಒಡೀತ್ರಿ' ಎಂದಷ್ಟೇ ಹೇಳಿ ಅವರ ಮುಂದೆ ಪಾರಾಗುವಂತಿರಲಿಲ್ಲ.

ಈಚೆಗೆ ಒಂದು ಬೇಸಿಗೆಯಲ್ಲಿ ಊರವರು ಕುಡಿಯುವ ಬಾವಿಯ ನೀರು ಕಂದು ಬಣ್ಣಕ್ಕೆ ತಿರುಗಿ ನಾರತೊಡಗಿತು. ಮಕ್ಕಳಿಗೆ ವಾಂತಿ ಶುರುವಾಯಿತು. ಬಾವಿಯ ಪಕ್ಕ ಹರಿಯುವ ಹಳ್ಳದ ಮೇಲ್ಗಡೆ ಸ್ಪಿರಿಟ್ ಕಾರ್ಖಾನೆಯಿತ್ತು. ಬಾಯಾರ ಮಗ ಅಲ್ಲಿಯೇ ಕೆಲಸಕ್ಕಿದ್ದ. ಗ್ರಾಮಸಭೆಗೆ ಬಂದ ಅಧಿಕಾರಿ, "ನೀರು ಕೆಟ್ಟೈತಿ. ಕಾರ್ಖಾನಿಯವರು ದೊಡ್ಡ ಮನಸ್ಸು ಮಾಡಿ ಟ್ಯಾಂಕರ್ ಕಳಸಾಕತ್ತಾರ" ಎಂದರು. ಪಕ್ಕದಲ್ಲಿದ್ದ ಮ್ಯಾನೇಜರ್ ಕೈಮುಗಿದರು. ಕೆಲವರು ಚಪ್ಪಾಳೆ ತಟ್ಟಿದರು.

ಬಾಯಾರು ಎದ್ದು ನಿಂತರು. "ಕೆಟ್ಟಿಲ್ರಿ, ಕೆಡಿಸ್ಯಾರ. ಕೆಡಿಸಿದವರು ಯಾರು, ಅದನ್ನ ಹೇಳ್ರಿ."

"ತನಿಖೆ ನಡದೈತ್ರಿ ಬಾಯಾರ, ಕೂಡ್ರಿ" ಎಂದರು ಅಧಿಕಾರಿ.

ಅವರು ಕೂಡಲಿಲ್ಲ. ಆಗ ಹಿಂದಿನ ಸಾಲಿನಿಂದ ಅವರ ಮಗನೇ ಎದ್ದ.

"ಕಾರ್ಖಾನಿ ಹೊಲಸ ನೀರು ಹಳ್ಳಕ್ಕ ಬಿಡೋ ವಾಲ್ವ್ ನಾನೇ ತಗೀತಿದ್ದೆ ಸಾಹೇಬ್ರ. ತಗಿ ಅಂದವರು ಇವರು" ಎಂದು ಮ್ಯಾನೇಜರ್ ಕಡೆ ಕೈ ತೋರಿಸಿದ.

ಬಾಯಾರು ತಿರುಗಿ ನೋಡಲಿಲ್ಲ. "ಈಗ ಬರಕೋರಿ" ಎಂದು ಅಧಿಕಾರಿಗೆ ಹೇಳಿ ಕೂತರು.

ಆ ಮಾತಿನ ಮೇಲೆಯೇ ಕೇಸಾಯಿತು. ಕಾರ್ಖಾನೆ ಊರಿಗೆ ಹೊಸ ಪೈಪ್‌ಲೈನ್ ಹಾಕಿಸಿಕೊಡಬೇಕಾಯಿತು. ಮಗನ ಕೆಲಸ ಹೋಯಿತು. ಆರೋಪಿಗಳಲ್ಲಿ ಅವನ ಹೆಸರೂ ಸೇರಿತು. ವಿಚಾರಣೆ ಇದ್ದ ದಿನ ತಾಯಿ ಮಗ ಒಂದೇ ಬಸ್ಸಿಗೆ ಕೋರ್ಟಿಗೆ ಹೋಗುತ್ತಿದ್ದರು. ಇಬ್ಬರಿಗೂ ರೊಟ್ಟಿಯನ್ನು ಬಾಯಾರೇ ಕಟ್ಟುತ್ತಿದ್ದರು.